ಅಡುಗೆಮನೆ ಹೊತ್ತ ಬಸ್ಸಿಗೊಂದು ಇಂಜಿನ್

ಕಳೆದ ವಾರ ಚಿತ್ತಾಪುರದಲ್ಲಿ ಒಂದು ಮದುವೆಗೆ ಹೋಗಿದ್ದೆ. ಮನೆಯಲ್ಲಿ ಟೈಲ್ಸ್ ಹಾಕುವ ಕೆಲಸ ನಡೆದು ಒಲೆ ಹಚ್ಚುವಂತಿರಲಿಲ್ಲ, ಆದ್ದರಿಂದ ಊಟಕ್ಕೇ ಹೋದೆನೆಂದರೂ ಸುಳ್ಳಲ್ಲ. ಎಲೆಯ ಮುಂದೆ ಕೂತು ಸಾರಿನ ದಾರಿ ಕಾಯುತ್ತಿದ್ದಾಗ ಕರೆಂಟು ಹೋಯಿತು. ಅಡುಗೆಮನೆಯ ಹಿಂದೆ ಜನರೇಟರ್ ಗುಡುಗಿತು. ಡೀಸೆಲ್ ಹೊಗೆಯೂ ಇಂಗಿನ ಒಗ್ಗರಣೆಯೂ ಕೂಡಿಕೊಂಡು ಪಂಕ್ತಿಗೆ ಬಂದವು. ಪಕ್ಕದವರು ಮೂಗು ಮುಚ್ಚಿಕೊಂಡರು. ನಾನು ಕಣ್ಣು ಮುಚ್ಚಿ ಎದೆತುಂಬ ಉಸಿರೆಳೆದುಕೊಂಡೆ. ಯಾಕೆಂದು ಕೇಳಿದರು. "ಸಮುದ್ರದ ವಾಸನಿ ಬಂತರಿ" ಎಂದೆ. ಅವರು ತಮ್ಮ ಎಲೆಯನ್ನು ಸ್ವಲ್ಪ ಆಚೆ ಸರಿಸಿಕೊಂಡರು.

ನೀವು ಸರಿಸಿಕೊಳ್ಳಬೇಡಿ. ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯ ಮಾತು. ಲೋಕದ ಜನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹಿಡಿದರೆ, ಸೇಡಂನಲ್ಲಿ ಗಣಿತದ ಮಾಸ್ತರಿಕೆ ಮಾಡಿ ನಿವೃತ್ತರಾದ ನಮ್ಮ ಕಾಕಾ ಹರಾಜಿನಲ್ಲಿ ಹಿಡಿದರು. ಕಾರಣ ಗೋದಾ ಅತ್ಯಾ, ಕಾಕಾನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ನಮ್ಮೆಲ್ಲರಿಗೂ ಮಡಿಯಲ್ಲಿ ಅಡುಗೆ ಮಾಡಿ ಹಾಕುತ್ತ ಉಳಿದುಬಿಟ್ಟಿದ್ದಳು. ಹೊರಗಿನ ಅಗುಳು ಮುಟ್ಟಿದವಳಲ್ಲ, ಹೊರಗಿನ ನೀರು ಕುಡಿದವಳಲ್ಲ. ಹೀಗಾಗಿ ಬೆಳಿಗ್ಗೆ ಹೋಗಿ ಹಸಿವಾಗುವಷ್ಟರಲ್ಲಿ ಮರಳಬಹುದಾದ ದೂರವೇ ಅವಳ ಪ್ರಪಂಚ. ಅಂಥವಳು ಒಂದು ದಿನ ಕಾಗಿಣಾ ನದಿಯಲ್ಲಿ ಮಿಂದು ಬಂದು, ಒದ್ದೆ ಸೀರೆ ಹಿಂಡುತ್ತ ಅಂದಳು: "ಕಾಗಿಣಾ ಹೋಗಿ ಭೀಮಾಕ್ಕ ಬೀಳ್ತದ, ಭೀಮಾ ಕೃಷ್ಣಾಕ್ಕ, ಕೃಷ್ಣಾ ಸಮುದ್ರಕ್ಕ. ಎಲ್ಲಾರೂ ಹೋಗ್ಲಿಕತ್ತಾರ. ನಾ ಒಬ್ಬಾಕಿನೇ ಇಲ್ಲಿ ಉಳದೀನಿ ನೋಡು."

ಅವಳು ಏನನ್ನೂ ಬೇಡಿದವಳಲ್ಲ. ಇದನ್ನೂ ಬೇಡಿದಂತೆ ಹೇಳಲಿಲ್ಲ. ಕಾಕಾ ಮಾತ್ರ ಆ ರಾತ್ರಿ ಊಟವನ್ನೇ ಸರಿಯಾಗಿ ಮಾಡಲಿಲ್ಲ. ಅತ್ಯಾನ ಮೊಣಕಾಲು ವರ್ಷದಿಂದ ವರ್ಷಕ್ಕೆ ಬಿಗಿಯುತ್ತಿದ್ದವು. ಈ ಸಲ ಆಗದಿದ್ದರೆ ಮುಂದೆ ಅವಳು ಬಸ್ಸಿನ ಮೆಟ್ಟಿಲನ್ನೂ ಹತ್ತಲಾರಳು. ಅಕ್ಕ ಅಡುಗೆಮನೆ ಬಿಟ್ಟು ಬರುವುದಿಲ್ಲವೆಂದಮೇಲೆ ಅಡುಗೆಮನೆಯನ್ನೇ ಕರೆದೊಯ್ಯಬೇಕು ಎಂಬುದು ಗಣಿತದ ಮಾಸ್ತರರ ತೀರ್ಮಾನ.

ಬಸ್ಸಿನ ಹಿಂದಿನ ಅರ್ಧದ ಸೀಟು ಕಿತ್ತರು. ಇನ್ನು ನೆಲ. ಈಗ ನೀವು ನಮ್ಮ ಕಡೆಯವರಲ್ಲದಿದ್ದರೆ ಒಂದು ಮಾತು ತಿಳಿದಿರಬೇಕು. ನಮ್ಮಲ್ಲಿ ನೆಲಕ್ಕೆ ಶಹಾಬಾದದ ಪರಸಿಕಲ್ಲು, ಮಾಳಿಗೆಗೆ ಪರಸಿ, ಕಪಾಟಿನ ಹಲಗೆಗೆ ಪರಸಿ, ಬಾವಿಯ ಕಟ್ಟೆಗೂ ಪರಸಿ. ನಾವು ಹುಟ್ಟಿ ಅಂಬೆಗಾಲಿಟ್ಟದ್ದು ಅದರ ಮೇಲೆ, ಸೆಖೆಗೆ ಕೆನ್ನೆ ಹಚ್ಚಿ ಮಲಗಿದ್ದು ಅದರ ಮೇಲೆ. ರಬ್ಬರಿನ ಹಾಸಿನ ಮೇಲೆ ಮಡಿ ನಿಲ್ಲುವುದಿಲ್ಲ, ಕಟ್ಟಿಗೆ ಮುಸುರೆ ಹೀರುತ್ತದೆ, ಕಲ್ಲಾದರೆ ಒಂದು ಕೊಡ ನೀರು ಸುರಿದರೆ ಶುದ್ಧ, ಎಂದು ಅತ್ಯಾನ ಶಾಸ್ತ್ರ. ಬಸ್ಸಿಗೆ ಪರಸಿ ಹಾಸಿದರು. ಒಲೆಕಟ್ಟೆಯೂ ಪರಸಿ. ಅಡ್ಡಗೋಡೆಯೂ ಪರಸಿ. ನೋಡಲು ಬಂದ ಊರವರೆಲ್ಲ "ಭಾಳ ಛಲೋ ಆಗ್ಯದರಿ" ಎಂದು ತಲೆದೂಗಿದರು. ಅವರೂ ನಮ್ಮ ಕಡೆಯವರೇ.

ಪರೀಕ್ಷೆಗೆಂದು ಚಿಂಚೋಳಿಯ ಕಡೆ ಹೊರಟೆವು. ಕೊಡ್ಲಿಯ ಹತ್ತಿರ ಒಂದು ಏರು. ಅರ್ಧ ಏರಿ ಇಂಜಿನ್ ದೊಡ್ಡದಾಗಿ ಕೆಮ್ಮಿತು, ಒಮ್ಮೆ ನಡುಗಿತು, ಪ್ರಾಣ ಬಿಟ್ಟಿತು. ಹಿಂದುಗಡೆ ಅತ್ಯಾ ಹುಳಿ ಕುದಿಸುತ್ತಿದ್ದಳು. "ನಿಂತದ್ದು ಛಲೋ ಆತು, ಹುಳಿ ಚೆಲ್ಲಲಿಕತ್ತಿತ್ತು" ಎಂದಳು. ಟ್ರ್ಯಾಕ್ಟರ್ ಬಂದು ಎಳೆಯುವಷ್ಟರಲ್ಲಿ ಊಟ ಮುಗಿದಿತ್ತು. ಟ್ರ್ಯಾಕ್ಟರಿನವನಿಗೂ ಎಲೆ ಹಾಕಿದ್ದೆವು.

ಬಸ್ಸನ್ನು ನೋಡಿದವನು ವಾಡಿಯ ಖಾದರ್ ಮಿಸ್ತ್ರಿ. ಮಾತಿನಲ್ಲಿ ಧಾರಾಳಿ, ಕೆಲಸದಲ್ಲೂ ಪರವಾಗಿಲ್ಲ. "ಇದು ಗಯಾ ಸರ್. ಬ್ಯಾರೆ ಇಂಜಿನ್ ನೋಡ್ರಿ" ಎಂದ. ಅಂದಿನಿಂದ ಇಂಜಿನ್ ನೋಡುವ ಶಾಸ್ತ್ರ ಶುರುವಾಯಿತು. ಕನ್ಯೆ ನೋಡಲು ಹೋಗುವಂತೆ ಕಾಕಾ ಇಸ್ತ್ರಿ ಮಾಡಿದ ಧೋತರ ಉಟ್ಟು ಹೊರಡುತ್ತಿದ್ದರು. ಬಿ.ಎಸ್ಸಿ. ಓದಿದವನೆಂದು ನಾನೂ ಜೊತೆಗೆ. ನಾನು ಓದಿದ್ದು ಸಸ್ಯಶಾಸ್ತ್ರ. ಇಂಜಿನ್ನಿನ ಮುಂದೆ ನಿಂತು ಹುಬ್ಬು ಗಂಟಿಕ್ಕುವುದು, ಆಮೇಲೆ ಬಿಚ್ಚುವುದು, ಇಷ್ಟೇ ನನ್ನ ಪಾತ್ರ.

ಮೊದಲು ವಾಡಿಯಲ್ಲಿ ಒಂದು ನೋಡಿದೆವು. ಯಾವುದೋ ಪ್ರವಾಸಿ ಬಸ್ಸಿನದು, ಹೊಸದಾಗಿ ಬಣ್ಣ ಬಳಿದು ನಿಲ್ಲಿಸಿದ್ದರು. ಚಾಲೂ ಮಾಡಿದರೆ ಸದ್ದೇ ಇಲ್ಲ, ಬೆಕ್ಕು ಮಲಗಿದಂತೆ ಗುರುಗುರು. ಖಾದರ್ ಹೊಗೆಯ ಶಾಸ್ತ್ರ ಹೇಳಿದ: "ಧೂಂವಾ ಕರೀದಿದ್ರ ಡೀಸೆಲ್ ಭಾಳ ತಿಂತದ ಸರ್. ನೀಲಿ ಇದ್ರ ಆಯಿಲ್ ಕುಡೀತದ. ಬಿಳಿ ಇದ್ರ ನೀರ ಕುಡೀಲಿಕತ್ತದಂತ ತಿಳೀರಿ."

ಮನೆಗೆ ಬಂದು ಕಾಕಾ ಇದನ್ನೆಲ್ಲ ಅತ್ಯಾನಿಗೆ ವರದಿ ಮಾಡಿದರು. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು.

"ಯಾರೋ ಬಳಸಿ ಬಿಟ್ಟದ್ದೇನೋ ಅದು?"

"ಹೌದಕ್ಕಾ, ಸೆಕೆಂಡ್ ಹ್ಯಾಂಡ್."

"ಅಂದ್ರ ಎಂಜಲಾ ಆತಲ್ಲೋ. ತಿಂತದಂತ, ಕುಡೀತದಂತ. ಯಾರ ಮನ್ಯಾಗ ಏನ್ ತಿಂದು ಕುಡದದೋ ಏನೋ."

ಎಂಜಲು ಇಂಜಿನ್! ನಾವು ಎಣಿಸಿರದ ತೊಡಕು. ಎರಡು ದಿನ ಇಂಜಿನ್ ನೋಡುವ ಶಾಸ್ತ್ರ ನಿಂತಿತು. ಅಂಗಳದಲ್ಲಿ ನಿಂತ ಬಸ್ಸನ್ನು ಅತ್ಯಾ ಕಿಟಕಿಯಿಂದ ಆಗಾಗ ನೋಡುತ್ತಿದ್ದಳು, ನಾವು ನೋಡಿದರೆ ಮುಖ ತಿರುವುತ್ತಿದ್ದಳು. ಹೋಗಬೇಕೆಂಬ ಆಸೆಯೂ ಅವಳದೇ, ಬೇಡವೆನ್ನುವ ಶಾಸ್ತ್ರವೂ ಅವಳದೇ. ಮೂರನೆಯ ದಿನ ಸಂಧ್ಯಾವಂದನೆಗೆ ಕೂತ ಕಾಕಾ ಅರ್ಧಕ್ಕೇ ಎದ್ದು ಬಂದರು.

"ಅಕ್ಕಾ, ಇಂಜಿನ್ ಒಳಗ ಇರೂದು ಏನು? ಬೆಂಕಿ. ಅಗ್ನಿಗೆ ಎಂಜಲದೇನು?"

ಅತ್ಯಾ ಒಲೆಯ ಕಡೆಗೊಮ್ಮೆ ನೋಡಿದಳು. "ಅಗ್ನಿಗೆ ಎಂಜಲಿಲ್ಲ, ಖರೆ" ಎಂದಳು. ಆಮೇಲೆ ಮೆಲ್ಲಗೆ, "ಇದನ್ನ ಮೊದಲೇ ಹೇಳಬಾರದೇನೋ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆದರೆ ವಾಡಿಯ ಇಂಜಿನ್ ಬೇಡವೆಂದವನು ಖಾದರ್. ಬಸ್ಸಿನ ಕೆಳಗೆ ತೂರಿ, ಭಾರ ಹೊರುವ ಕಮಾನುಪಟ್ಟಿಗಳು ಕಲ್ಲಿನ ತೂಕಕ್ಕೆ ತಲೆಕೆಳಗಾಗಿ ಬಾಗಿದ್ದನ್ನು ನೋಡಿ ಹೊರಬಂದು, "ಅದು ಶೌಕೀನ್ ಮಂದೀನ್ನ ಹೊತ್ತ ಇಂಜಿನ್ ಸರ್, ನಿಮ್ಮ ಪರಸಿ ಎಳಿಯೂದಿಲ್ಲ. ಶಹಾಬಾದಕ್ಕ ನಡೀರಿ. ಪರಸಿ ಲಾರೀದೇ ಇಂಜಿನ್ ಹಾಕೋಣು. ಅದಕ್ಕ ರೂಢಿ ಅದ" ಎಂದ.

ಪರಸಿಯನ್ನೇ ತೆಗೆದರೆ ಹೇಗೆ ಎಂದು ಒಬ್ಬರಾದರೂ ಕೇಳಬೇಕಿತ್ತಲ್ಲವೆ? ಗಣಿತದ ಮಾಸ್ತರರು ಕೇಳಲಿಲ್ಲ, ಮಿಸ್ತ್ರಿ ಕೇಳಲಿಲ್ಲ, ಬಿ.ಎಸ್ಸಿ.ಯಂತೂ ಹುಬ್ಬು ಗಂಟಿಕ್ಕಿಕೊಂಡು ನಿಂತಿತ್ತು. ನೆಲವನ್ನು ಯಾರು ಕೀಳುತ್ತಾರೆ? ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಬಸ್ಸಿನಲ್ಲಿ ನೆಲದ್ದೇ ತಪ್ಪು, ಬೈಸಿಕೊಂಡವಳು ಕುಣಿಯುವವಳು.

ಶಹಾಬಾದದ ಇಂಜಿನ್ ಕರ್ರಗೆ, ಗಿಡ್ಡಗೆ, ಪೈಲವಾನನಂತಿತ್ತು. ಚಾಲೂ ಮಾಡಿದರೆ ಓಣಿಯ ಕಾಗೆಗಳೆಲ್ಲ ಎದ್ದವು. ಅದೇ ಗಟ್ಟಿಯಾಯಿತು. ಡ್ರೈವರನ ಪಕ್ಕದ ಇಂಜಿನ್ ಮುಚ್ಚಳ ಕೂಡಲಿಲ್ಲ, ಕತ್ತರಿಸಿ ಎತ್ತರಿಸಿದರು. ಅದರ ಮೇಲೂ ಒಂದು ಪರಸಿ ಹಾಕಿದರೆ ಹೇಗೆ ಎಂದು ಕಾಕಾ ಕೇಳಿದರು. ಖಾದರ್ ಇಲ್ಲವೆನ್ನಲಿಲ್ಲ. ಅತ್ಯಾ ಆ ಬಿಸಿಕಲ್ಲಿನ ಮೇಲೆ ಮೊಸರಿಗೆ ಹೆಪ್ಪು ಹಾಕಿದಳು.

ಖಾದರನೇ ಡ್ರೈವರ್. ಏರೆನ್ನದೆ ಇಳಿಜಾರೆನ್ನದೆ ಬಸ್ಸು ಒಂದೇ ಸಮನೆ ಗುಡುಗುತ್ತ, ಡೀಸೆಲ್ಲೂ ಇಂಗೂ ಕಲೆಸಿದ ಹೊಗೆ ಬಿಡುತ್ತ ಆಂಧ್ರ ದಾಟಿ ಸಮುದ್ರ ಮುಟ್ಟಿತು. ಅತ್ಯಾನಿಗೆ ನಡೆಯಲಾಗದೆಂದು ಖಾದರ್ ನೀರಿನ ಹತ್ತಿರವೇ ಒಯ್ಯಲು ಹೋದ. ಉಸುಕು ಎಂಬುದೊಂದು ಇರುತ್ತದೆಂದು ಕಲ್ಲಿನ ಸೀಮೆಯ ನಮಗೆ ಯಾರಿಗೂ ಹೊಳೆದಿರಲಿಲ್ಲ. ಚಕ್ರ ಅರ್ಧ ಹೂತವು. ಅತ್ಯಾ ಕೆಳಗಿಳಿದಳು. ಎರಡು ಹೆಜ್ಜೆಗೆ ಅವಳ ಕಾಲೂ ಹೂತಿತು, ಮೊಣಕಾಲು ಮಡಿಚಲು ಬರಲಿಲ್ಲ. ನೀರು ಅಲ್ಲೇ ಎದುರಿಗೆ ಕಾಣುತ್ತಿತ್ತು. "ಕಂಡೆನಲ್ಲ, ಸಾಕು. ಹೊಳ್ಳೋಣು" ಎಂದಳು. ದನಿ ಮಾತ್ರ ಹಾಗನ್ನಲಿಲ್ಲ.

ಕಾಕಾ ಬಸ್ಸು ಹತ್ತಿ ಹಾರೆಯಿಂದ ಒಂದು ಪರಸಿ ಎಬ್ಬಿಸಿದರು. ನಾನು ಒಂದು, ಖಾದರ್ ಒಂದು. ಉಸುಕಿನ ಮೇಲೆ ಅತ್ಯಾನ ಮುಂದೆ ಹಾಸಿದೆವು, ದಾಟಿದೊಡನೆ ಹಿಂದಿನದನ್ನು ಎತ್ತಿ ಮುಂದೆ ಹಾಸಿದೆವು. ಸೇಡಂನ ಅಡುಗೆಮನೆಯ ನೆಲದ ಮೇಲೆಯೇ ನಡೆದು ಗೋದಾ ಅತ್ಯಾ ಸಮುದ್ರಕ್ಕೆ ಹೋದಳು. ತೆರೆ ಬಂದು ಕಾಲು ತೊಳೆಯಿತು. ಬೊಗಸೆಯಲ್ಲಿ ಎತ್ತಿ ಆಚಮನ ಮಾಡಿದಳು, ಮುಖ ಕಿವುಚಿದಳು.

"ಉಪ್ಪು ಭಾಳಾತು" ಎಂದಳು. ಆಮೇಲೆ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಉಳಿದ ಕಲ್ಲು ಚಕ್ರದ ಕೆಳಗೆ ಹೋದವು. ಬಸ್ಸು ಮೇಲೆ ಬಂತು, ಕಲ್ಲು ಒಡೆದವು. ಹೊರೆಯಿಳಿದ ಬಸ್ಸು ಮರಳುವಾಗ ಹಾರಿತೆಂದೇ ಹೇಳಬೇಕು. ಬಹಳ ದೂರ ಬಂದಮೇಲೆ ಕಾಕಾ ಮೆಲ್ಲಗೆ, "ಖಾದರ್, ಹಳೀ ಇಂಜಿನ್‌ದು ಏನೂ ತಪ್ಪಿರಲಿಲ್ಲೇನಪಾ" ಎಂದರು. ಖಾದರ್ ಉತ್ತರವಾಗಿ ಹಾರ್ನ್ ಬಾರಿಸಿದ.

ಅತ್ಯಾ ಈಗಿಲ್ಲ. ಚಿತ್ತಾಪುರದ ಊಟ ಮುಗಿಸಿ ಮನೆಗೆ ಬಂದಾಗ ಟೈಲ್ಸಿನವನು ಅಡುಗೆಮನೆಯ ಪರಸಿಗೆ ಹಾರೆ ಹಚ್ಚಿದ್ದ. ಬೇಡ, ಇದೊಂದು ಕೋಣೆ ಹಾಗೇ ಇರಲಿ ಎಂದೆ.

"ಹಳೇ ಕಲ್ಲು ಇಟ್ಟು ಏನ್ ಮಾಡ್ತೀರಿ ಸರ್?"

"ಇರಲಿ ಬಿಡಪಾ" ಎಂದೆ. "ನಾಳೆ ಎಲ್ಲ್ಯರ ಉಸುಕಿನ್ಯಾಗ ಸಿಕ್ಕೊಂಡ್ರ ಬೇಕಾಗ್ತಾವ."