ಗೇಟಿಗೆ ಕಟ್ಟಿದ ಬೋರ್ಡು

ಚಲೇಜಾವ್ ಚಳವಳಿಯಲ್ಲಿ ನಮ್ಮ ತಾತ ಊರಾಚೆಯ ಟೆಲಿಗ್ರಾಫ್ ತಂತಿ ಕತ್ತರಿಸಿದ್ದನ್ನು ಅಪ್ಪ ಪ್ರತಿ ಆಗಸ್ಟಿನಲ್ಲೂ ಫ್ಯಾಕ್ಟರಿಯ ಗೆಳೆಯರಿಗೆ ಹೇಳಿಕೊಳ್ಳುತ್ತಿದ್ದರು. ಅದರ ಮುಂದಿನ ಭಾಗವನ್ನು ತಾತ ನನಗೊಬ್ಬಳಿಗೇ ಹೇಳಿದ್ದರು.

ಪೊಲೀಸರು ಹುಡುಕುತ್ತಿದ್ದಾಗ ತಾತನನ್ನು ಅಡಗಿಸಿದ್ದು ಜಟಕಾ ಓಡಿಸುತ್ತಿದ್ದ ಮುಸ್ಲಿಂ ಗೆಳೆಯ. ಅವನ ತಾಯಿ ಕುದುರೆಯ ಹುಲ್ಲಿನ ಹಿಂದೆ ಚಾಪೆ ಹಾಸಿಕೊಟ್ಟು, ತಮ್ಮ ತಟ್ಟೆಯಲ್ಲೇ ಊಟ ಬಡಿಸಿದ್ದರು. ಗೆಳೆಯ ಲಾಠಿ ಏಟು ತಿಂದರೂ ಬಾಯಿ ಬಿಡಲಿಲ್ಲ. ಗಲಾಟೆ ತಣ್ಣಗಾದ ಮೇಲೆ ಅವನೇ ತಾತನನ್ನು ಮನೆಗೆ ಕರೆತಂದ. ತಾತನ ತಾಯಿ ಮಗನನ್ನು ಹೊಸ್ತಿಲು ದಾಟಗೊಡದೆ, ಆ ಗೆಳೆಯನೆದುರಿಗೇ ಗಂಜಲ ಚಿಮುಕಿಸಿ ತಲೆಗೆ ನೀರು ಸುರಿದರು.

"ಬೇಡ ಅನ್ನಲಿಲ್ಲ ಕಣಮ್ಮ, ಬಗ್ಗಿ ತಲೆ ಕೊಟ್ಟೆ. ಅವನು ಲಗಾಮು ಹಿಡ್ಕೊಂಡು ನೋಡ್ತಾ ನಿಂತಿದ್ದ."

ಆ ಗೆಳೆಯ ಮತ್ತೆ ಅವರ ಬೀದಿಗೆ ಬರಲಿಲ್ಲವಂತೆ.

ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ. ಬಾಗಲಗುಂಟೆಯ ನಮ್ಮ ಮನೆಯ ಮಹಡಿ ಖಾಲಿಯಿತ್ತು. 'ಬಾಡಿಗೆಗೆ ಇದೆ' ಎಂಬ ತಗಡಿನ ಬೋರ್ಡನ್ನು ಅಪ್ಪ ಗೇಟಿಗೆ ಕಟ್ಟಿದ್ದರು. ಒಂದು ಭಾನುವಾರ ಪೀಣ್ಯದಲ್ಲಿ ಫಿಟ್ಟರ್ ಆಗಿದ್ದವನೊಬ್ಬ, ಬುರ್ಖಾ ತೊಟ್ಟ ಹೆಂಡತಿಯೊಡನೆ ಮನೆ ಕೇಳಿಕೊಂಡು ಬಂದ.

ವರಾಂಡದಲ್ಲಿ ಕೂತಿದ್ದ ತಾತ ಅಪ್ಪನ ಕೈ ಹಿಡಿದೆಳೆದರು. "ಇವ್ರಿಗೇ ಕೊಡೋ. ನಾನಿರೋವಾಗ್ಲೇ ಕೊಡೋ."

"ನೀವು ಸುಮ್ನಿರಿ ಅಪ್ಪಾ. ಅಕ್ಕಪಕ್ಕದವ್ರಿಗೆ ಉತ್ತರ ಕೊಡೋನು ನಾನು," ಎಂದು ಅಪ್ಪ ಪಿಸುಗುಟ್ಟಿದರು. ಬಂದವನ ಕಡೆ ತಿರುಗಿ, "ನಿನ್ನೇನೇ ಅಡ್ವಾನ್ಸ್ ತಗೊಂಡ್ಬಿಟ್ವಿ ಕಣಪ್ಪ," ಎಂದರು. ಯಾರೂ ಅಡ್ವಾನ್ಸ್ ಕೊಟ್ಟಿರಲಿಲ್ಲ. ನಾನು ಅಪ್ಪನ ಪಕ್ಕದಲ್ಲೇ ನಿಂತಿದ್ದೆ.

"ನಾನು ಹೋದ್ಕಡೆಯೆಲ್ಲಾ ಹಿಂದಿನ ದಿನಾನೇ ಅಡ್ವಾನ್ಸ್ ಬಂದಿರುತ್ತೆ ಸಾರ್," ಎಂದು ಅವನು ನಕ್ಕ. ಹೆಂಡತಿ ನಗಲಿಲ್ಲ. ಅಷ್ಟರಲ್ಲೇ ಅವಳು ಮೆಟ್ಟಿಲಿಳಿದಿದ್ದಳು.

ತಾತ ಕುರ್ಚಿಯ ಕೈ ಊರಿ ಎದ್ದು, ಅವನಿಗೆ ಕೈ ಮುಗಿದು ತಲೆ ತಗ್ಗಿಸಿದರು. "ತಪ್ಪಾಯ್ತಪ್ಪ. ಅವತ್ತೇ ಹೇಳ್ಬೇಕಿತ್ತು."

"ಅಯ್ಯೋ, ಬಿಡಿ ತಾತಾ. ಬೋರ್ಡ್ ಬಿಚ್ಚೋಕೆ ಮರೆತಿರ್ತೀರ," ಎಂದು ಅವನು ತಾತನ ಎರಡೂ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದ.

ಹೊರಟವನು ತಗಡು ಬಡಿದು ಸದ್ದಾಗದಂತೆ ಬೋರ್ಡನ್ನು ಅಂಗೈಯಲ್ಲಿ ಹಿಡಿದು ಗೇಟು ಮುಚ್ಚಿದ. ಮರುದಿನವೂ ಬೋರ್ಡು ಅಲ್ಲೇ ಇತ್ತು. ಅವನು ಕೆಲಸಕ್ಕೆ ಹೋಗುವ ದಾರಿಯೂ ನಮ್ಮ ಗೇಟಿನ ಮುಂದಿನದೇ ಆಗಿತ್ತು.