ಎದುರು ಬಂದದ್ದು ನಾನು, ಮುರಿದದ್ದು ಪಿನ್ನು

ಜವರಯ್ಯ ಟ್ರಾಕ್ಟರು ಓಡಿಸಿದ ಹದಿನೆಂಟು ವರ್ಷದಲ್ಲಿ ಕಿರುಬೆರಳು ಇಟ್ಟು ನೋಡದೆ ಒಂದು ದಿನವೂ ಟ್ರೇಲರು ಎಳೆದವನಲ್ಲ. ಟ್ರಾಕ್ಟರಿನ ಹಿಂದೆ ಟ್ರೇಲರಿನ ಕೊಂಡಿ ಸಿಕ್ಕಿಸಿ ಮೇಲಿಂದ ಒಂದು ಪಿನ್ನು ಇಳಿಬಿಡುತ್ತಾರಲ್ಲ, ಆ ಪಿನ್ನಿಗೂ ಕೊಂಡಿಯ ತೂತಿಗೂ ನಡುವೆ ಬೆರಳು ತೂರಿಸುತ್ತಿದ್ದ. ತೂರದಿದ್ದರೆ ಸರಿ. ತೂರಿದರೆ ಸವೆದಿದೆ, ಬದಲಾಯಿಸಬೇಕು. ಹದಿನೈದು ದಿನಕ್ಕೊಮ್ಮೆ ಪಿನ್ನು ಕಿತ್ತು ಒರೆಸಿ ಗ್ರೀಸು ಹಚ್ಚುತ್ತಿದ್ದ. ನಮ್ಮಿಬ್ಬರ ಮನೆಗೂ ನಡುವೆ ಮೊಣಕೈ ಎತ್ತರದ ಮಣ್ಣುಗೋಡೆ. ದಿನಾ ನೋಡಿದ್ದನ್ನೇ ಬರೆಯುತ್ತಿದ್ದೇನೆ.

ಟ್ರಾಕ್ಟರು ಅವನದಲ್ಲ, ಹೊನ್ನಪ್ಪನದು. ತೊಣ್ಣೂರಿನ ಈಚೆಗಿರುವ ನಮ್ಮೂರಿಂದ ಆಲೆಮನೆಗೆ ಕಬ್ಬು ಹೊಡೆಸುತ್ತಿದ್ದ. ತೊಂಬತ್ತಾರನೇ ಇಸವಿ, ಗೌರಿ ಹಬ್ಬ ಕಳೆದು ಒಂದು ವಾರಕ್ಕೆ ಒಳ್ಳೇ ಪಿನ್ನು ಎಲ್ಲೋ ಬಿದ್ದುಹೋಯಿತು. ಮನೆ ಕಟ್ಟಿ ಮಿಕ್ಕಿದ್ದ ಕಬ್ಬಿಣದ ಸರಳಲ್ಲಿ ಗೇಣುದ್ದ ಕತ್ತರಿಸಿ, ತಲೆ ಬಗ್ಗಿಸಿ, ಇದನ್ನೇ ಹಾಕು ಎಂದು ಹೊನ್ನಪ್ಪ ಕೊಟ್ಟ. ಜವರಯ್ಯನ ಬೆರಳು ಸರಾಗವಾಗಿ ತೂರಿತು.

"ಅಣ್ಣ, ಇದು ಸಣ್ಣದಾಯ್ತು. ಟ್ರೇಲರು ಕುಣೀತದೆ."

"ಕುಣೀಲಿ ಬುಡ್ಲಾ. ನಿನ್ನೇನು ತಮಟೆ ಬಡಿ ಅಂದ್ನಾ?"

ಎರಡನೇ ಸಲ ಹೇಳಿದಾಗ "ಆಯುಧಪೂಜೆಗೆ ಹೊಸ್ದು ಹಾಕ್ಸಾನ" ಎಂದ. ಆಯುಧಪೂಜೆ ಬಂತು. ಹೊಸ ಪಿನ್ನು ಬರಲಿಲ್ಲ. ಅದೇ ಸರಳಿಗೆ ಹಳೇ ಸೈಕಲ್ಲು ಟ್ಯೂಬು ಸುತ್ತಿ, ಮೇಲೆ ಕೆಂಪು ಬಣ್ಣ ಬಳಿದು, ಅರಿಶಿನ ಕುಂಕುಮ ಇಟ್ಟು, ಬೂದುಗುಂಬಳ ಒಡೆದರು. ಕಟಕಟ ಸದ್ದು ನಿಂತಿತು. ಸದ್ದು ನಿಂತಿತಲ್ಲ, ರಿಪೇರಿಯಾಯಿತು ಎಂದು ಊರೆಲ್ಲ ಒಪ್ಪಿಕೊಂಡಿತು. ಕೆಮ್ಮುವವನ ಬಾಯಿಗೆ ಬಟ್ಟೆ ತುರುಕಿ ಕಾಯಿಲೆ ವಾಸಿಯಾಯಿತು ಎಂದ ಹಾಗೆ!

"ಟ್ಯೂಬು ಸುತ್ತಿದ್ರೆ ಸವೆದಿರೋದು ಎಂಗಣ್ಣ ಗೊತ್ತಾಯ್ತದೆ?" ಎಂದು ಜವರಯ್ಯ ಮೂರನೇ ಸಲ ಕೇಳಿದ. "ಕಬ್ಬು ಒಣಗ್ತದೆ, ಹೊರಡ್ಲಾ" ಎಂದು ಹೊನ್ನಪ್ಪ ಗದ್ದೆ ಕಡೆ ಕೈ ತೋರಿಸಿದ.

ಕಾರ್ತಿಕದ ಎರಡನೇ ಸೋಮವಾರ. ನಾನು ಸಗಣಿ ಮಂಕರಿ ಹೊತ್ತು ಹೊಲಕ್ಕೆ ಹೊರಟಿದ್ದೆ. ಕಬ್ಬು ತುಂಬಿದ ಟ್ರಾಕ್ಟರು ಎದುರಿಗೆ ಬಂತು. ಓಣಿಯ ಪಕ್ಕಕ್ಕೆ ನಿಂತೆ, ಅದು ದಾಟಿಹೋಯಿತು. ಅಲ್ಲಿಂದ ಇನ್ನೂರ ಹನ್ನೆರಡು ಹೆಜ್ಜೆ ಆಚೆ, ಏರು ಹತ್ತುವಾಗ, ಸರಳು ಮುರಿಯಿತು. ಹೆಜ್ಜೆ ಆಮೇಲೆ ಎಣಿಸಿದೆ. ಟ್ರೇಲರು ಹಿಂದಕ್ಕೆ ಉರುಳಿ ಕಾಲುವೆಗೆ ಮಗುಚಿತು. ಕಬ್ಬಿನ ಮೇಲೆ ಕೂತಿದ್ದ ಆಳು ದೇವಯ್ಯ ಹಾರಿದ, ಬಲಗಾಲು ಮುರಿಯಿತು.

ಅವನನ್ನು ಆಸ್ಪತ್ರೆಗೆ ಸಾಗಿಸುವ ಮೊದಲೇ ಎದುರುಮನೆ ಮಾದಮ್ಮ ಕೂಗಿದಳು: "ಒತ್ತಾರೇಲೇ ಬರೀ ಹಣೆ ಬೆಟ್ಟಮ್ಮ ಎದುರು ಬಂದ್ಲಲ್ಲ, ಇನ್ನೇನಾಯ್ತದೆ!" ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ಅದೇ ಮಾತು. ನನ್ನ ಗಂಡ ತೀರಿ ಆಗ್ಗೆ ಇಪ್ಪತ್ತೆರಡು ವರ್ಷ. ಇಪ್ಪತ್ತೆರಡು ವರ್ಷವೂ ಅದೇ ಓಣಿಯಲ್ಲಿ ಅದೇ ಹೊತ್ತಿಗೆ ಮಂಕರಿ ಹೊತ್ತಿದ್ದೆ. ಒಳ್ಳೇ ಪಿನ್ನು ಇದ್ದಷ್ಟು ದಿನ ನನ್ನ ಹಣೆಗೆ ಶಕ್ತಿ ಇರಲಿಲ್ಲವೇ?

ಮುರಿದ ಎರಡೂ ತುಂಡು ಹುಡುಕಿ, ತುಕ್ಕು ಹಿಡಿಯದ ಹಾಗೆ ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟೆ. ಸಂತೆಯ ದಿನ ಪಾಂಡವಪುರಕ್ಕೆ ಹೋಗಿ ಪೀರ್ ಅಹಮದ್ ಸಾಬರ ಮುಂದೆ ಬಿಚ್ಚಿದೆ. ಜವರಯ್ಯ ಯಾವಾಗಲೂ ಪಿನ್ನು ಕಡೆಸುತ್ತಿದ್ದದ್ದು ಅವರ ಲೇತ್ ಅಂಗಡಿಯಲ್ಲೇ.

"ಅರೆ ಅಮ್ಮಾ, ಇದು ಪಿನ್ನಲ್ಲ, ಮನೆ ಮೋಲ್ಡಿಂಗಿಗೆ ಹಾಕೋ ಸರಳು. ಪಿನ್ನಿಗೆ ಗಟ್ಟಿ ಉಕ್ಕು ಬೇಕು, ತೂತಿನ ಅಳತೆಗೆ ಕಡೀಬೇಕು, ಕೆಳಗೆ ಎಗರದಂಗೆ ಕ್ಲಿಪ್ಪು ಬೇಕು. ಇಲ್ಲಿ ನೋಡಿ, ಮುರಿದ ಬಾಯಿ ಅರ್ಧ ತುಕ್ಕು, ಅರ್ಧ ಬೆಳ್ಳಗದೆ. ತುಕ್ಕು ಇರೋದು ಮುಂಚೇನೇ ಬಿರುಕು ಬಿಟ್ಟಿದ್ದು. ಬೆಳ್ಳಗಿರೋದು ಅವತ್ತು ಮುರಿದಿದ್ದು."

ಭಾನುವಾರ ಚಾವಡಿಯಲ್ಲಿ ನ್ಯಾಯ ಸೇರುವುದಿತ್ತು. ಹಿಂದಿನ ಸಂಜೆ ಹೊನ್ನಪ್ಪ ಜವರಯ್ಯನ ಹಟ್ಟಿಗೆ ಬಂದ. ಗೋಡೆಯ ಈಚೆ ನಾನು ರಾಗಿ ಕೇರುತ್ತಿದ್ದೆ.

"ಲೇ ಜವರ, ಬೆಟ್ಟಮ್ಮ ಎದುರು ಬಂದ್ಲು, ಅದ್ಕೇ ಇಂಗಾಯ್ತು ಅಂತ ಒಂದ್ಮಾತು ಅಂದ್ಬುಡು. ನಿನ್ ಕೆಲ್ಸ ಉಳೀತದೆ, ನನ್ ಮಾನ ಉಳೀತದೆ."

"ಆಯಕ್ಕನ ಮಾನ?"

"ಮುಂಡೆಗ್ಯಾತರ ಮಾನ್ಲಾ!"

ಜವರಯ್ಯನ ಮನೆಯಲ್ಲಿ ಉಣ್ಣುವ ಬಾಯಿ ಐದು, ದುಡಿಯುವ ಕೈ ಅವನದೊಂದೇ. ನನ್ನ ಕೈಯಲ್ಲಿ ಮೊರ ನಿಂತುಹೋಯಿತು. ಅವನು ಚೊಂಬು ಎತ್ತಿಕೊಂಡು ಹಿತ್ತಲ ಕಡೆ ಹೋದ.

ಚಾವಡಿಯಲ್ಲಿ ನಾನು ತುಂಡುಗಳನ್ನು ಇಟ್ಟು ಸಾಬರ ಮಾತು ಹೇಳಲು ಹೋದೆ. ಯಜಮಾನರೊಬ್ಬರು "ಹೆಂಗಸರು ಕಬ್ಬಿಣದ ನ್ಯಾಯ ಹೇಳೋದುಂಟಾ?" ಎಂದು ನಕ್ಕರು.

ಜವರಯ್ಯ ಎದ್ದ. "ಅಂಗಾರೆ ಗಂಡ್ಸು ನಾನು ಯೋಳ್ತೀನಿ. ಈ ಸರಳು ಬ್ಯಾಡ ಅಂತ ಮೂರು ಸಲ ಅಂದೆ. ಗೊತ್ತಿದ್ದೂ ಓಡುಸ್ದೆ, ಅದು ನನ್ ತಪ್ಪು, ದೇವಯ್ಯನ ಕಾಲಿಗೆ ನಾನೂ ಹೊಣೆ. ಬೆಟ್ಟಕ್ಕ ಎದುರು ಬಂದಿದ್ದು ದಿಟ. ಅವತ್ತು ಒತ್ತಾರೆ ಟ್ರಾಕ್ಟರು ತೆಗೆಯೋವಾಗ ಹೊನ್ನಣ್ಣನೂ ಎದುರು ಬಂದಿದ್ದ. ಅವನ ಹಣೆ ಯಾಕೆ ಯಾರೂ ನೋಡ್ಲಿಲ್ಲ?"

ಹಿಂದೆ ಕೂತಿದ್ದ ಹುಡುಗರು ಗೊಳ್ಳೆಂದರು. ಹೊನ್ನಪ್ಪ ಕೈ ಚಾಚಿ "ಬೀಗದ ಕೈ ಮಡಗು" ಎಂದ. ಜವರಯ್ಯ ಸೊಂಟದಿಂದ ತೆಗೆದು ಕೊಟ್ಟು, ಟವಲು ಒದರಿ ನಡೆದುಬಿಟ್ಟ.

ಹೊನ್ನಪ್ಪ ಸರಿಯಾದ ಪಿನ್ನು ಹಾಕಿಸಬೇಕು, ದೇವಯ್ಯನ ಮನೆಗೆ ಅವನು ಎದ್ದು ನಡೆಯುವ ತನಕ ರಾಗಿ ಕೊಡಬೇಕು ಎಂದು ಯಜಮಾನರು ತೀರ್ಮಾನ ಹೇಳಿದರು. ಹೇಳಿ, ಅದೇ ಬಾಯಲ್ಲಿ ನನ್ನ ಕಡೆ ತಿರುಗಿ, "ನೀನೂ ಟ್ರಾಕ್ಟರು ದಾಟೋ ತನಕ ವಸಿ ಒಳಗಿರು ತಾಯಿ" ಎಂದರು. ತಾಯಿಯಂತೆ! "ಸರಳು ಮುರಿದದ್ದು ಅಂತ ಒಪ್ಪಿದ ಮೇಲೆ ನಾನು ಒಳಗಿರೋದು ಯಾಕೆ?" ಎಂದೆ. ಯಜಮಾನರು ಎಲೆಅಡಿಕೆ ಚೀಲ ಎತ್ತಿಕೊಂಡು ಎದ್ದರು. ಮರುದಿನ ಅದೇ ಹೊತ್ತಿಗೆ ಹೊರಟೆ, ಇವತ್ತಿಗೂ ಹೊರಡುತ್ತೇನೆ.

ಜವರಯ್ಯ ನಾಲ್ಕು ತಿಂಗಳು ಕಂಡವರ ಗದ್ದೆಯಲ್ಲಿ ಕಬ್ಬು ಕಡಿದ. ಆಮೇಲೆ ಸಿಂಧಘಟ್ಟದವರೊಬ್ಬರು ಕರೆದು ಟ್ರಾಕ್ಟರು ಕೊಟ್ಟರು, ಹೆಂಡತಿ ಮಕ್ಕಳ ಸಮೇತ ಅಲ್ಲಿಗೇ ಹೋದ. ಈಗ ನಮ್ಮೂರಲ್ಲಿ ಅವನ ಮಾತು ಬಂದರೆ ಎಲ್ಲರೂ ಲೊಚಗುಟ್ಟುತ್ತಾರೆ. "ಪಾಪ, ಒಳ್ಳೇ ಡ್ರೈವರು. ಬೆಟ್ಟಮ್ಮನ ದೆಸೆಯಿಂದ ಊರು ಬಿಟ್ಟ" ಎನ್ನುತ್ತಾರೆ. ನೋಡಿ, ಅದೂ ನನ್ನ ತಲೆಗೇ ಬಂತು.