ಸೊಕ್ಕೆಯಲ್ಲಿ ಬಾಗಿದ ಅರಮನೆ

ಪರದೆ ಮಾವನ ಮೀಸೆ ಬೆಳಿಗ್ಗೆ ಒಂದು ಅಳತೆಯಲ್ಲಿದ್ದರೆ ಮಧ್ಯಾಹ್ನಕ್ಕೆ ಇನ್ನೊಂದು ಅಳತೆಯಲ್ಲಿರುತ್ತಿತ್ತು. ನಾಟಕದವರ ಬಣ್ಣದ ಪೆಟ್ಟಿಗೆಯಲ್ಲಿ ಉಳಿದ ಕಪ್ಪನ್ನೇ ಅವರು ನರೆತ ಮೀಸೆಗೆ ತೀಡಿಕೊಳ್ಳುತ್ತಿದ್ದರು. ಬಿಸಿಲೇರಿದಂತೆ ಅದು ಬೆವರಿನೊಂದಿಗೆ ಇಳಿದು ಕೆನ್ನೆಗೆಲ್ಲ ಹರಡಿಕೊಳ್ಳುತ್ತಿತ್ತು. ಅದನ್ನು ಅವರಿಗೆ ಹೇಳುವ ಧೈರ್ಯ ನಮ್ಮ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಅವರ ಹೆಂಡತಿ ಮಾತ್ರ ಒದ್ದೆ ಬಟ್ಟೆ ತಂದು ಕೊಟ್ಟು, “ಮಹಾರಾಜರು ಮುಖ ಒರೆಸ್ಕೋಬೇಕು” ಎನ್ನುತ್ತಿದ್ದರು.

ನ್ಯಾಮತಿಯಲ್ಲಿ ನಮ್ಮ ಎದುರುಮನೆಯೇ ಅವರದು. ನೆಂಟಸ್ತಿಕೆ ಏನೂ ಇರಲಿಲ್ಲ, ಆದರೂ ಬೀದಿಯ ಮಕ್ಕಳಿಗೆಲ್ಲ ಅವರು ಮಾವನೇ. ಹಳ್ಳಿಗಳಲ್ಲಿ ಊರವರೇ ಸೇರಿ ಆಡುವ ನಾಟಕಗಳಿಗೆ ಅರಮನೆ, ಕಾಡು, ಬೀದಿಯ ಪರದೆಗಳನ್ನು ಬರೆದು ಬಾಡಿಗೆಗೆ ಕೊಡುವುದು ಅವರ ಕಸುಬು. ಹೊನ್ನಾಳಿಯಿಂದ ಜಗಳೂರಿನವರೆಗೆ ಯಾವ ಊರಿನ ನಾಟಕದ ಕರಪತ್ರ ತೆಗೆದರೂ ರಂಗಸಜ್ಜಿಕೆ ಎಂಬಲ್ಲಿ ಅವರ ಹೆಸರಿರುತ್ತಿತ್ತು. ಆ ಕರಪತ್ರಗಳನ್ನು ಅವರು ಬಂದವರಿಗೆಲ್ಲ ತೋರಿಸುತ್ತಿದ್ದರು. ಬೇರೆಯವರ ಕೆಲಸ ಚೆನ್ನಾಗಿದೆ ಎಂದು ಅವರ ಬಾಯಿಂದ ಬಂದದ್ದನ್ನು ನಾನಂತೂ ಕೇಳಿರಲಿಲ್ಲ. “ಐತೆ, ಏನೋ ಒಂದು ಐತೆ” ಎನ್ನುವುದೇ ಅವರ ದೊಡ್ಡ ಹೊಗಳಿಕೆ.

ಸಣ್ಣವಳಿದ್ದಾಗ ಅವರ ಪರದೆಯ ಆಕಾಶಕ್ಕೆ ನೀಲಿ ಬಳಿಯುವ ಕೆಲಸ ನನ್ನದಾಗಿತ್ತು. ಕುಂಚ ಹಿಡಿಯುವುದನ್ನು ಕಲಿತದ್ದು ಅಲ್ಲೇ. ಮುಂದೆ ನಾನು ಚನ್ನಗಿರಿಯಲ್ಲಿ ಲಗ್ನಪತ್ರಿಕೆ, ಬ್ಯಾನರ್ ಡಿಸೈನ್ ಮಾಡುವ ಅಂಗಡಿ ಇಟ್ಟೆ. ಒಂದು ದಿನ ಮಾವ ಬಸ್ಸಿಳಿದು ಬಂದು, ಕುರ್ಚಿಯಲ್ಲಿ ಕೂತು, ನೀರು ಸಹ ಕುಡಿಯದೆ ಹೇಳಿದರು:

“ಸೊಕ್ಕೆಯೋರು ಕೈ ಬಿಡಾಕೆ ನಿಂತಾರೆ ಕಣವ್ವ. ಯುಗಾದಿ ನಾಟಕಕ್ಕೆ ಹಳೇ ಪರದೆ ತಂದ್ರೆ ಬ್ಯಾಡ ಅಂದಾರೆ. ದಾವಣಗೆರೆ ಕಡೆಯೋನು ಒಬ್ಬ ನೆಟ್‌ನಾಗಿನ ಫೋಟೋ ಪ್ರಿಂಟ್ ಹೊಡೆದು ಕೊಡ್ತಾನಂತೆ.”

ಸೊಕ್ಕೆ ಕೈ ಬಿಟ್ಟರೆ ಜಗಳೂರು ಕಡೆಯ ಬೇರೆ ಹಳ್ಳಿಗಳೂ ಬಿಟ್ಟ ಹಾಗೆಯೇ. ಆ ಕಡೆ ನಾಟಕದ ವಿಷಯದಲ್ಲಿ ಎಲ್ಲರೂ ನೋಡುವುದು ಸೊಕ್ಕೆಯವರನ್ನು. ಇಷ್ಟು ವರ್ಷದ ಹೆಸರು ಒಂದೇ ಯುಗಾದಿಗೆ ಹೋಗಿಬಿಡುತ್ತಿತ್ತು. ಮಾವನಿಗೆ ಆಗ ಕೈ ನಡುಗಲು ಶುರುವಾಗಿತ್ತು, ಕುಂಚ ನಿಲ್ಲುತ್ತಿರಲಿಲ್ಲ. “ಅರಮನೆ ನನ್ನ ತಲ್ಯಾಗೆ ಐತೆ. ನೀನು ಕಂಪ್ಯೂಟರ್‌ನಾಗೆ ಬರಿ, ಬಟ್ಟೆ ಮೇಲೆ ಪ್ರಿಂಟ್ ಹಾಕ್ಸೋಣ” ಎಂದರು.

ಕೂತು ಶುರು ಮಾಡಿದೆವು. ನನ್ನ ಹತ್ತಿರ ಇದ್ದದ್ದು ಹಳೆಯ ಸಣ್ಣ ಮಾನಿಟರ್. ಸ್ಟೇಜಿನ ಉದ್ದಕ್ಕೂ ಬರುವ ಅರಮನೆಯನ್ನು ಅದರಲ್ಲಿ ಪೂರ್ತಿ ಇಟ್ಟರೆ ಕಂಬಗಳು ಬೆಂಕಿಕಡ್ಡಿಯಷ್ಟಾಗುತ್ತಿದ್ದವು, ದೊಡ್ಡದು ಮಾಡಿದರೆ ಒಂದೇ ಕಂಬ ಕಾಣುತ್ತಿತ್ತು. ಬಲಗಡೆಯ ಕಂಬ ಬರೆಯುವಾಗ ಎಡಗಡೆಯದು ಎಷ್ಟು ದಪ್ಪವಿತ್ತೆಂದು ಮರೆತೇ ಹೋಗುತ್ತಿತ್ತು. ಮಾವನಿಗೆ ಸಿಟ್ಟು ನೆತ್ತಿಗೇರಿತು. “ಏನವ್ವ ಇದು, ಅರಮನೇನ ಕಿಟಕಿ ಸಂದ್ಯಾಗಿಂದ ಇಣುಕಿದಂಗೆ ಆತು. ನಡಿ, ಅಗಲಂದು ತರಾಣ.”

ದಾವಣಗೆರೆಯ ಕಂಪ್ಯೂಟರ್ ಅಂಗಡಿಗೆ ಹೋಗುವ ಮೊದಲೇ ನಾನು ಸಾಕಷ್ಟು ಓದಿಕೊಂಡಿದ್ದೆ. ಡಿಸೈನ್ ಕೆಲಸಕ್ಕೆ ಬಣ್ಣ ನಿಜವಾಗಿ ತೋರಿಸುವ, ಅಗಲವಾದ, ಚಪ್ಪಟೆ ಮಾನಿಟರ್ ಬೇಕು ಎಂದು ತೀರ್ಮಾನಿಸಿಕೊಂಡೇ ಹೋಗಿದ್ದೆ. ಅಂಗಡಿಯವರು ಅಂಥದ್ದೊಂದನ್ನು ತೋರಿಸಿದರು. ಅದರ ಪಕ್ಕದಲ್ಲಿ ಬಾಗಿದ ಮಾನಿಟರ್‌ಗಳು ಎರಡಿದ್ದವು. ಮಾವನ ಕಣ್ಣು ಅಲ್ಲೇ ನೆಟ್ಟಿತು.

“ಬಾಗಿದ್ದರಲ್ಲಿ ನೇರ ಗೆರೆಯೂ ಬಾಗಿದ ಹಾಗೆ ಕಾಣುತ್ತೆ ಮಾವ. ಬರೆಯೋ ಕೆಲಸಕ್ಕೆ ಕಷ್ಟ ಆಗಬಹುದು” ಎಂದೆ.

“ಗೇಮ್ ಆಡೋರು ಜಾಸ್ತಿ ಒಯ್ತಾರೆ ರೀ” ಎಂದು ಅಂಗಡಿಯವರೂ ದನಿಗೂಡಿಸಿದರು.

ಮಾವ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಅರ್ಧಂಬರ್ಧ ಅರಮನೆಯನ್ನು ಪೆನ್‌ಡ್ರೈವ್‌ನಿಂದ ಮೂರರ ಮೇಲೂ ಹಾಕಿಸಿದರು. ಆಮೇಲೆ ಪಂಚೆ ಮೇಲೆತ್ತಿ ಅಂಗಡಿಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಬಂದಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ನನಗೆ ನಾಚಿಕೆಯಾಗಿ, “ಏಳಿ ಮಾವ” ಎಂದೆ.

“ನಾಟಕ ನೋಡಾಕೆ ಬರೋರು ಚಾಪೆ ಮ್ಯಾಲೆ ಕುಂದ್ರತಾರೆ. ನಾನೂ ಅಲ್ಲಿಂದನೇ ನೋಡ್ತೀನಿ.”

ಕೆಳಗಿನಿಂದ ನೋಡಿದಾಗ ಬಾಗಿದ ಎರಡರಲ್ಲಿ ಒಂದರ ಬಣ್ಣ ಕಂದಿಹೋಗುತ್ತಿತ್ತು, ಸಿಂಹಾಸನದ ಕೆಂಪು ಮಣ್ಣಿನ ಬಣ್ಣವಾಗುತ್ತಿತ್ತು. ಇನ್ನೊಂದರಲ್ಲಿ ಕೆಂಪು ಕೆಂಪಾಗಿಯೇ ಇತ್ತು. ಚಪ್ಪಟೆಯದರಲ್ಲೂ ಹಾಗೇ ಇತ್ತೆನ್ನಿ, ಆದರೆ ಅವರು ಅದರ ಕಡೆ ತಿರುಗಲೇ ಇಲ್ಲ. ಮೊಣಕಾಲು ಹಿಡಿದು ಎದ್ದು ಆ ಬಾಗಿದ್ದನ್ನು ತೋರಿಸಿ ಹೇಳಿದರು: “ಇದು ನೋಡು, ಎರಡೂ ಕೈ ಚಾಚಿ ಬಾ ಅಂತೈತೆ. ಅರಮನೆ ಅಂದ್ರೆ ಹಿಂಗಿರಬೇಕು.” ಅದನ್ನೇ ಹಿಡಿದುಕೊಂಡು ಬಂದೆವು.

ಹೇಳದೆ ಇರಲಾರೆ, ಕೆಲಸ ಹೂವೆತ್ತಿದಷ್ಟು ಹಗುರಾಯಿತು. ಎಡ ತುದಿಯ ಆನೆಯಿಂದ ಬಲ ತುದಿಯ ದ್ವಾರಪಾಲಕನವರೆಗೆ ಎಲ್ಲ ಒಟ್ಟಿಗೆ ಕಣ್ಣೆದುರಿಗಿತ್ತು. ಆದರೆ ನಾನು ಹೆದರಿದ್ದೇ ಆಯಿತು. ಮಾವ ನಡುವೆ ಕುರ್ಚಿ ಹಾಕಿಕೊಂಡು, ಚಾವಣಿಯ ಗೆರೆ ತುದಿಗಳಲ್ಲಿ ಮೇಲಕ್ಕೆ ಎದ್ದಿದೆ ಎಂದು ಹಟ ಹಿಡಿದರು.

“ಗೆರೆ ನೆಟ್ಟಗೇ ಇದೆ ಮಾವ, ಮಾನಿಟರ್ ಬಾಗಿರೋದಕ್ಕೆ ಹಂಗೆ ಕಾಣುತ್ತೆ.”

“ನನ್ನ ಕಣ್ಣಿಗೆ ಗೆರೆ ಹೇಳಿಕೊಡಾಕೆ ಬರ್ತೀಯಾ? ತುದಿ ಕೆಳಗೆ ಎಳಿ!”

ಗುರುವಿನ ಮಾತು ಮೀರಲು ಮನಸ್ಸು ಬರಲಿಲ್ಲ. ಅವರು ಹೇಳಿದಂತೆ ಒಂದೊಂದೇ ಗೆರೆಯನ್ನು ಎಳೆದು, ಅವರ ಕಣ್ಣಿಗೆ ನೇರವಾಗುವಂತೆ ತಿದ್ದಿದೆ.

ಪ್ರಿಂಟಾದ ಪರದೆಯ ಸುರುಳಿಯನ್ನು ನಾವು ಬಿಚ್ಚಿ ನೋಡಿದ್ದು ಸೊಕ್ಕೆಯಲ್ಲೇ, ನಾಟಕದ ದಿನ ಮಧ್ಯಾಹ್ನ. ಸ್ಟೇಜಿನ ಹಿಂದೆ ಬಿದಿರಿನ ಗಳಗಳಿಗೆ ಕಟ್ಟಿ ನಿಲ್ಲಿಸಿದಾಗ ನೋಡಿದರೆ, ಬಾಗಿದ ಮಾನಿಟರಿನಲ್ಲಿ ನೇರ ಕಂಡಿದ್ದ ಅರಮನೆಯ ಚಾವಣಿ ಚಪ್ಪಟೆ ಬಟ್ಟೆಯಲ್ಲಿ ಎರಡೂ ತುದಿಗಳಲ್ಲಿ ಜೋತುಬಿದ್ದಿತ್ತು. ನಾಟಕ ಸಂಘದ ಹಿರಿಯರು ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದರು.

“ಏನ್ರೀ ಯಜಮಾನ್ರೆ, ರಾಜನ ಮನೆ ಕುಸಿಯಾಕೆ ಹತ್ತೈತಲ್ರೀ!”

ನಿಂತವರೆಲ್ಲ ನಕ್ಕರು. ಮಾವ ಸ್ಟೇಜಿನಿಂದಿಳಿದು ಹೋಗಿ, ಜನ ಕೂರುವ ಬಯಲಿನ ನಡುವೆ ಬರಿ ನೆಲದಲ್ಲಿ ಕೂತರು. ಮೀಸೆಯ ಕಪ್ಪು ಗದ್ದಕ್ಕಿಳಿದಿತ್ತು. ಬಹಳ ಹೊತ್ತು ಪರದೆಯನ್ನೇ ನೋಡುತ್ತಿದ್ದವರು ತಟ್ಟನೆ ಕೂಗಿದರು:

“ಎರಡೂ ಬದಿಯ ಗಳ ಕೀಳ್ರಿ! ಕಿತ್ತು ಮುಂದಕ್ಕೆ ನೆಡ್ರಿ! ನಡುವಿಂದು ಹಂಗೇ ಇರಲಿ!”

ಹುಡುಗರು ಬಿದಿರಿನ ಗಳಗಳನ್ನು ಕಿತ್ತು ಜನರ ಕಡೆಗೆ ತಂದು ನೆಟ್ಟರು. ಪರದೆ ನಮ್ಮ ಮಾನಿಟರಿನ ಹಾಗೆಯೇ ಬಾಗಿತು. ತುದಿಗಳು ಹತ್ತಿರ ಬಂದಂತೆ ಜೋತುಬಿದ್ದ ಚಾವಣಿ ಮೇಲೇಳುತ್ತ ಬಂತು. ನಾನು ಓಡಿಹೋಗಿ ಮಾವನ ಪಕ್ಕ ನೆಲದಲ್ಲಿ ಕೂತೆ. ಗೆರೆ ದಾರ ಎಳೆದ ಹಾಗೆ ನೇರವಾಗಿತ್ತು. ಅಷ್ಟೇ ಅಲ್ಲ, ಸ್ಟೇಜಿನ ಮೇಲೆ ನಿಂತಿದ್ದ ಹುಡುಗರು ಅರಮನೆಯ ಒಳಗೇ ನಿಂತಂತೆ ಕಾಣುತ್ತಿದ್ದರು.

ಹಿರಿಯರೂ ಕೆಳಗೆ ಬಂದು ನೋಡಿದರು. “ಹೊಸ ನಮೂನೆ ಐತ್ರೀ ಇದು!”

“ಬೇಕಂತಲೇ ಹಿಂಗೆ ಬರೆಸಿದ್ದು” ಎಂದರು ಮಾವ, ಮೀಸೆಯ ಮೇಲೆ ಕೈಯಾಡಿಸುತ್ತ. ನಾನು ನಗು ತಡೆಯಲು ತುಟಿ ಕಚ್ಚಿಕೊಂಡೆ.

ನಾಟಕ ಶುರುವಾಗುವ ಮೊದಲು ರಂಗಸಜ್ಜಿಕೆಯವರಿಗೆ ಹಾರ ಹಾಕುವುದು ಅಲ್ಲಿಯ ಪದ್ಧತಿ. ಆ ಹಾರಕ್ಕಾಗಿಯೇ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದರು. ಅಂದು ಹೆಸರು ಕೂಗಿದಾಗ ಹೋದವರು ಕುತ್ತಿಗೆ ಬಗ್ಗಿಸಲಿಲ್ಲ. ಮೈಕ್ ಇಸಕೊಂಡು ಊರಿಗೆಲ್ಲ ಕೇಳುವಂತೆ ಹೇಳಿದರು: “ಅರಮನೆ ಬರೆದಾಕಿ ಇಲ್ಲೇ ಅದಾಳೆ. ನನಗಿಂತ ಚೆಂದ ಬರೆದಾಳೆ. ಹಾರ ಆಕಿಗೆ ಹಾಕ್ರಿ.” ನನಗೆ ಕಣ್ಣು ಮಂಜಾಗಿ ಮೆಟ್ಟಿಲೇ ಕಾಣಲಿಲ್ಲ.

ಮರುದಿನ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಂದರು: “ಗೆರೆ ವಿಷಯದಾಗೆ ನೀ ಹೇಳಿದ್ದೇ ಖರೆ ಇತ್ತು. ಯಾರ ಮುಂದೂ ಅನಬ್ಯಾಡ.” ಅವರಿರುವತನಕ ಅನ್ನಲಿಲ್ಲ. ಸೊಕ್ಕೆಯವರು ನಮ್ಮನ್ನು ಬಿಡಲಿಲ್ಲ. ಸುತ್ತಲಿನ ಊರುಗಳವರಂತೂ ‘ಬಾಗಿದ ಅರಮನೆಯೇ ಬೇಕು’ ಎಂದು ಕೇಳಿ ಒಯ್ಯತೊಡಗಿದರು.

ಹೋದ ವರ್ಷ ಮಾವ ತೀರಿಕೊಂಡರು. ಶ್ರದ್ಧಾಂಜಲಿ ಬ್ಯಾನರನ್ನು ನಾನೇ ಮಾಡಬೇಕಾಯಿತು. ಅವರೇ ಆರಿಸಿ ತಂದ ಮಾನಿಟರಿನ ಮುಂದೆ ಕೂತು, ಹಾರ ಹಾಕಿಕೊಂಡ ಅವರ ಫೋಟೋ ಇಟ್ಟೆ. ಕೆಳಗೆ ಹೆಂಡತಿ, ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳ ಹೆಸರು ಬರೆದೆ. ಅವರ ಹೆಂಡತಿ ಪಕ್ಕದಲ್ಲಿ ಕೂತು, ಹೆಸರುಗಳನ್ನು ಒಂದೊಂದಾಗಿ ಓದಿಸಿ ಕೇಳಿದರು.

“ನಿನ್ನ ಹೆಸರೆಲ್ಲಿ?”

ಡಿಸೈನ್ ಮಾಡಿದವರ ಹೆಸರು ಹಾಕುವ ಮೂಲೆಯನ್ನು ತೋರಿಸಿದೆ.

“ಅಲ್ಲಿಂದ ತೆಗಿ. ಮಕ್ಕಳ ಸಾಲಿನಾಗೆ ಹಾಕು. ಅವರಿದ್ದಿದ್ರೆ ಬೈದು ಹಾಕಿಸ್ತಿದ್ರು.”

ಹಾಕಿದೆ. ನ್ಯಾಮತಿಯ ಬಸ್‌ಸ್ಟ್ಯಾಂಡಿನಲ್ಲಿ ಆ ಬ್ಯಾನರನ್ನು ಕಟ್ಟಿದ ದಿನ, ಅಳುತ್ತಲೇ ನಿಂತು, ಬಸ್ಸಿಳಿದ ಜನ ನನ್ನ ಹೆಸರನ್ನೂ ಸೇರಿಸಿ ಓದುವುದನ್ನು ನೋಡಿದೆ.